ಕುರ್ಲಾದ ಭಂಗಾರ್ ಮತ್ತು ದಿಲ್ಲಿಯ ಲೆಕ್ಕ

ಊರಲ್ಲಿ ನಾವು ಗುಜರಿ ಎನ್ನುವುದಕ್ಕೆ ಮುಂಬಯಿಯಲ್ಲಿ ಭಂಗಾರ್ ಎನ್ನುತ್ತಾರೆ. 2003ರಲ್ಲಿ ಕೊಂಡಿದ್ದ ನನ್ನ ದಪ್ಪ ಮಾನಿಟರನ್ನು ಹತ್ತು ವರ್ಷಗಳ ಮೇಲೆ ಮಾರಲು ಹೊರಟಾಗ ಭಂಗಾರ್‌ವಾಲಾ ಅದನ್ನು ತಕ್ಕಡಿಗೆ ಇಡಲಿಲ್ಲ. "ಚಾಲೂ ಹೈ ಕ್ಯಾ?" ಎಂದು ಕೇಳಿದ. ದೇಶದ ಇ-ತ್ಯಾಜ್ಯವನ್ನು ಲೆಕ್ಕ ಹಾಕುವವರಿಗೆ ಇಂದಿಗೂ ಕಾಡುವುದು ಇದೇ ಪ್ರಶ್ನೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಮೊದಲಿನ ಅಂದಾಜು 2005ರದು. ದೇಶಕ್ಕೆಲ್ಲ 1,46,180 ಟನ್. ನಗರಗಳಲ್ಲಿ 11,017 ಟನ್ನಿನ ಮುಂಬಯಿಯೇ ಮುಂದೆ. ನಮ್ಮ ಬೆಂಗಳೂರಿನದು ಅದರ ಅರ್ಧವೂ ಇರಲಿಲ್ಲ. ಇದನ್ನು ಯಾರೂ ತೂಗಿದ್ದಲ್ಲ. ಇಂಥ ಅಂದಾಜಿನ ಸೂತ್ರ ಸರಳ: ಯಾವ ವರ್ಷ ಎಷ್ಟು ಕಂಪ್ಯೂಟರು, ಟಿವಿ, ಫ್ರಿಜ್ ಮಾರಾಟವಾದವು ಎಂದು ನೋಡಿ, ಒಂದೊಂದಕ್ಕೂ ಸರಾಸರಿ ಆಯಸ್ಸು ಕಟ್ಟಿ, ಆಯಸ್ಸು ತೀರಿದ ವರ್ಷ ಅದು ಕಸವಾಯಿತು ಎಂದು ಬರೆದುಕೊಳ್ಳುವುದು.

ಅದೇ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಲೀನಾ, ಕುರ್ಲಾಗಳ ನೆಲಮಹಡಿಯ ಮನೆಗಳಲ್ಲಿ ಕಂತು ಕಟ್ಟಿ ಮುಗಿಯದ ಟಿವಿ, ಫ್ರಿಜ್ಜುಗಳು ಕೆಸರುನೀರು ಕುಡಿದು ಸತ್ತವು. ಸರಾಸರಿ ಆಯಸ್ಸಿಗೆ ಇಂಥ ಅಕಾಲಮರಣ ಗೊತ್ತಿಲ್ಲ. ಚಾಳಿನ ಖೋಲಿಯಲ್ಲಿ ಮೂರು ಸಲ ರಿಪೇರಿಯಾಗಿ ಇಪ್ಪತ್ತು ವರ್ಷ ಬಾಳಿದ ಟಿವಿಯೂ ಗೊತ್ತಿಲ್ಲ.

2007ರಲ್ಲಿ ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯವರು ಕುರ್ಲಾ, ಸಾಕಿನಾಕಾ, ಜೋಗೇಶ್ವರಿಯ ಗಾಲಾಗಳ ವ್ಯವಹಾರ ನೋಡಿ ಬರೆದದ್ದು ವರ್ಷಕ್ಕೆ 19,000 ಟನ್. ವಿದೇಶದಿಂದ ಬಂದ ಹಳೆಯ ಮಾಲು ಅದರಲ್ಲಿ ಸೇರಿಲ್ಲ. ಎರಡು ವರ್ಷದಲ್ಲಿ ಕಸ ಅಷ್ಟು ಬೆಳೆಯಿತೆನ್ನುವುದಕ್ಕಿಂತ ನೋಡುವ ಜಾಗ ಬದಲಾಯಿತೆನ್ನುವುದೇ ಹೆಚ್ಚು ಸರಿ ಎಂದು ನನಗನಿಸುತ್ತದೆ. ಗಾಲಾದೊಳಗೆ ಒಂದು ಕಂಪ್ಯೂಟರು ಒಂದಾಗಿ ಉಳಿಯುವುದಿಲ್ಲ. ನಡೆಯುವ ಭಾಗ ಸೆಕೆಂಡ್‌ಹ್ಯಾಂಡ್ ಅಂಗಡಿಗೆ, ತಾಮ್ರ ಒಬ್ಬನಿಗೆ, ಪ್ಲಾಸ್ಟಿಕ್ ಇನ್ನೊಬ್ಬನಿಗೆ. ದೇಶದ ನಾನಾ ನಗರಗಳ ಸರ್ಕ್ಯೂಟ್ ಬೋರ್ಡುಗಳು ಉತ್ತರಪ್ರದೇಶದ ಮುರಾದಾಬಾದಿಗೆ ಸಾಗುತ್ತಿದ್ದವು. ಅಲ್ಲಿ ಅವನ್ನು ಸುಟ್ಟು, ಆಸಿಡ್ಡಿನಲ್ಲಿ ಅದ್ದಿ ಲೋಹ ತೆಗೆಯುತ್ತಿದ್ದರು. ಮುಂಬಯಿಯಲ್ಲಿ ಒಮ್ಮೆ, ಅಲ್ಲಿ ಒಮ್ಮೆ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಎರಡೂ ಕಡೆ ಬಿಟ್ಟರೆ ಆಸಿಡ್ಡಿನ ಹೊಗೆ ಕುಡಿದವನು ಲೆಕ್ಕದಲ್ಲೇ ಇಲ್ಲ.

2012ರ ಮೇ 1ರಿಂದ ಇ-ತ್ಯಾಜ್ಯದ ನಿಯಮಗಳು ಜಾರಿಗೆ ಬಂದವು. ಕಂಪನಿಗಳು ಮಾರಿದ್ದಕ್ಕೆ ತಕ್ಕಂತೆ ವಾಪಸು ಪಡೆಯಬೇಕೆಂಬ ಗುರಿ ಆಮೇಲೆ ಬಂತು. 2019-20ಕ್ಕೆ ಮಂಡಳಿಯ ಅಂಕಿ 10,14,961 ಟನ್. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವೂ ಕೈಜೋಡಿಸಿದ್ದ ಜಾಗತಿಕ ವರದಿ 2019ಕ್ಕೆ ಭಾರತದ್ದೆಂದು ಹೇಳಿದ್ದು ಸುಮಾರು 32 ಲಕ್ಷ ಟನ್. ಇಬ್ಬರೂ ಸುಳ್ಳು ಹೇಳಿಲ್ಲ. ನಮ್ಮ ನಿಯಮದ ಪಟ್ಟಿಯಲ್ಲಿದ್ದದ್ದು 21 ಬಗೆಯ ಸಾಮಾನು ಮಾತ್ರ. ಉಡುಪಿ ಹೋಟೆಲಿನ ಕೆಟ್ಟ ಗ್ರೈಂಡರು, ಮನೆಯ ಮಿಕ್ಸಿ ಆಗ ಕಾಗದದ ಮೇಲೆ ಇ-ತ್ಯಾಜ್ಯವೇ ಅಲ್ಲ. 2023ರ ಏಪ್ರಿಲ್‌ನಿಂದ ಪಟ್ಟಿ 106ಕ್ಕೆ ಬೆಳೆಯಿತು.

ನನ್ನ ಮಾನಿಟರು ಸೂತ್ರದ ಪ್ರಕಾರ ಯಾವಾಗಲೋ ಸತ್ತಿತ್ತು. ಭಂಗಾರ್‌ವಾಲಾ ಅದನ್ನು ನಮ್ಮ ಪ್ಲಗ್ಗಿಗೇ ಸಿಕ್ಕಿಸಿ, ಪರದೆ ಬೆಳಗಿದ್ದು ನೋಡಿ, ಹೇಳಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚು ಕೊಟ್ಟು ಹೊತ್ತುಕೊಂಡು ಹೋದ.