ಉದ್ಧರಣ ಚಿಹ್ನೆ ಮತ್ತು ಅವಗ್ರಹ: ಲೇಟೆಕ್ ರೂಪಾಂತರದಲ್ಲಿ ಪಾಠರಕ್ಷಣೆ

ನಮ್ಮ ತಾಡಪತ್ರ ಗ್ರಂಥಗಳಲ್ಲಿ ಉದ್ಧರಣ ಚಿಹ್ನೆಯೆಂಬುದಿಲ್ಲ. ಅನ್ಯರ ವಚನವನ್ನು ತರುವಾಗ ಟೀಕಾಕಾರರು ‘ಉಕ್ತಂ ಚ’, ‘ತಥಾ ಚೋಕ್ತಂ’ ಎಂದು ಸೂಚಿಸಿ ‘ಇತಿ’ ಎಂದು ಮುಗಿಸುತ್ತಾರೆ. ಪೂರ್ವಪಕ್ಷವನ್ನು ‘ಇತಿ ಚೇತ್, ನ’ ಎಂದು ತಡೆದು ಸಿದ್ಧಾಂತಕ್ಕೆ ತೊಡಗುತ್ತಾರೆ. ಮೂಡಬಿದಿರೆಯ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ, ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿಯೂ ಪ್ರಾಚೀನ ಗಾಥೆಗಳು ‘ಉತ್ತಂ ಚ’ ಎಂಬ ಪ್ರಾಕೃತ ಸೂಚನೆಯೊಡನೆ ಬರುತ್ತವೆ. ಈ ಕ್ರಮದಲ್ಲಿ ಒಂದು ವಿಶೇಷವುಂಟು. ‘ಇತಿ’ ಶಬ್ದವು ಉದ್ಧರಣದ ಅಂತ್ಯವನ್ನು ತೋರಿಸುತ್ತದೆಯೇ ಹೊರತು ಆದಿಯನ್ನು ಯಾವಾಗಲೂ ತೋರಿಸುವುದಿಲ್ಲ. ಆದಿಯನ್ನು ಅರ್ಥಾನುಸಂಧಾನದಿಂದ ಸಂಪಾದಕನೇ ನಿರ್ಣಯಿಸಬೇಕು. ಆದುದರಿಂದ ಮುದ್ರಿತ ಗ್ರಂಥದಲ್ಲಿ ಕಾಣುವ ಆರಂಭ ಚಿಹ್ನೆಯು ಕೇವಲ ಅಲಂಕಾರವಲ್ಲ. ಅದು ಸಂಪಾದಕನ ನಿರ್ಣಯ.

ಅವಗ್ರಹದ ವಿಷಯವೂ ಇಂತಹುದೇ. ಪ್ರಾಚೀನ ಪ್ರತಿಗಳಲ್ಲಿ ಅವಗ್ರಹವನ್ನು ಬರೆಯದೆ ಬಿಡುವುದು ಸಾಮಾನ್ಯ. ‘ಪರ್ಯಾಯಃ ಅನಿತ್ಯಃ’ ಎಂಬುದು ಸಂಧಿಯಾದಾಗ ‘ಪರ್ಯಾಯೋಽನಿತ್ಯಃ’ ಎಂದಾಗುತ್ತದೆ. ‘ಪರ್ಯಾಯಃ ನಿತ್ಯಃ’ ಎಂಬುದು ‘ಪರ್ಯಾಯೋ ನಿತ್ಯಃ’ ಎಂದಾಗುತ್ತದೆ. ಇವೆರಡರ ಭೇದವು ಅವಗ್ರಹವೊಂದರಿಂದಲೇ ತಿಳಿಯತಕ್ಕದ್ದು. ಆ ಚಿಹ್ನೆಯೊಂದು ಜಾರಿದರೆ ಪರ್ಯಾಯವು ನಿತ್ಯವೆಂಬ, ಜಿನಮತಕ್ಕೆ ನೇರವಿರುದ್ಧವಾದ ವಾಕ್ಯವು ಆಚಾರ್ಯರ ಹೆಸರಿನಲ್ಲಿ ಅಚ್ಚಾಗುತ್ತದೆ. ವ್ಯಾಕರಣದೃಷ್ಟಿಯಿಂದ ಅದರಲ್ಲಿ ದೋಷವಿಲ್ಲವಾದ್ದರಿಂದ ಕರಡು ತಿದ್ದುವವರ ಕಣ್ಣಿಗೂ ಅದು ಬೀಳದು.

ಇಂದು ಗ್ರಂಥಸಂಪಾದನೆಯ ಹಸ್ತಪ್ರತಿಗಳು ಮೊದಲು ಗಣಕದ ಪದಸಂಸ್ಕಾರಕದಲ್ಲಿ ಸಿದ್ಧವಾಗಿ, ಪಾಠಾಂತರಗಳ ಸೂಕ್ಷ್ಮ ಜೋಡಣೆಗಾಗಿ ಲೇಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಗೆ ಪರಿವರ್ತಿತವಾಗುತ್ತಿವೆ. ಈ ಪರಿವರ್ತನೆಯಲ್ಲಿ ಉದ್ಧರಣ ಚಿಹ್ನೆಗಳೂ ಅವಗ್ರಹವೂ ಒಂದಕ್ಕೊಂದು ಬೆರೆತುಹೋಗುವುದು ಕಂಡುಬರುತ್ತದೆ. ಇದರ ಕಾರಣವನ್ನು ಇತಿಹಾಸದಲ್ಲಿ ಹುಡುಕಬೇಕು.

ಯೂರೋಪಿನ ಹಳೆಯ ಹಸ್ತಪ್ರತಿಗಳಲ್ಲಿ ಉದ್ಧೃತ ಪಂಕ್ತಿಗಳ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಆದಿಗೊಂದು, ಅಂತ್ಯಕ್ಕೊಂದು ಪ್ರತ್ಯೇಕ ಚಿಹ್ನೆಯಿಡುವ ಕ್ರಮವು ಇಂಗ್ಲಿಷ್ ಮುದ್ರಣದಲ್ಲಿ ನೆಲೆಗೊಂಡುದು ೧೮ನೆಯ ಶತಮಾನದಲ್ಲಿ. ತರುವಾಯ ಬಂದ ಬೆರಳಚ್ಚು ಯಂತ್ರವು ಕೀಲಿಗಳ ಮಿತವ್ಯಯಕ್ಕಾಗಿ ಆ ಎರಡನ್ನೂ ಒಂದೇ ನೆಟ್ಟನೆಯ ಗೆರೆಯಾಗಿಸಿತು. ೧೯೬೩ರ ಆಸ್ಕಿ ಸಂಕೇತಾವಳಿಯು ಇದನ್ನೇ ಮುಂದುವರಿಸಿ, ಜೋಡಿ ಚಿಹ್ನೆಗೆ ೩೪, ಒಂಟಿ ಚಿಹ್ನೆಗೆ ೩೯ ಎಂಬ ಸಂಖ್ಯೆಗಳನ್ನು ಕೊಟ್ಟಿತು. ಒಂಟಿ ಚಿಹ್ನೆಯೇ ಇಂಗ್ಲಿಷಿನ ಲೋಪಚಿಹ್ನೆಯೂ ಆಯಿತು. ರೋಮನ್ ಲಿಪ್ಯಂತರದಲ್ಲಿ ಅವಗ್ರಹವೂ ಆಯಿತು. ಹೀಗೆ ಆದಿ, ಅಂತ್ಯ, ಲೋಪ, ಅವಗ್ರಹ ಎಂಬ ನಾಲ್ಕು ಅರ್ಥಗಳು ಒಂದೇ ರೂಪವನ್ನು ಆಶ್ರಯಿಸಿದವು.

ಡೊನಾಲ್ಡ್ ಕ್ನೂಥರು ೧೯೭೮ರಲ್ಲಿ ಮೊದಲಿಗೆ ಬಳಕೆಗೆ ತಂದ ಟೆಕ್ ವ್ಯವಸ್ಥೆಯು ಆದ್ಯಂತಭೇದವನ್ನು ಪುನಃಸ್ಥಾಪಿಸಿತು. ಅದರಲ್ಲಿ ಹಿಂಬಾಗಿದ ಗುರುತನ್ನು (`) ಎರಡು ಬಾರಿ ಒತ್ತಿದರೆ ಆರಂಭ ಚಿಹ್ನೆ. ಒಂಟಿ ಚಿಹ್ನೆಯನ್ನು (') ಎರಡು ಬಾರಿ ಒತ್ತಿದರೆ ಸಮಾಪ್ತಿ ಚಿಹ್ನೆ. ಲೆಸ್ಲಿ ಲ್ಯಾಂಪೋರ್ಟರು ೧೯೮೦ರ ದಶಕದಲ್ಲಿ ಇದರ ಮೇಲೆ ರಚಿಸಿದ ಲೇಟೆಕ್ಕಿನಲ್ಲಿಯೂ ಇದೇ ನಿಯಮ. ಕೀಲಿಮಣೆಯ ನೆಟ್ಟನೆಯ ಜೋಡಿ ಚಿಹ್ನೆಯನ್ನು (") ಹಾಗೆಯೇ ಬಿಟ್ಟರೆ, ಕ್ನೂಥರ ಮೂಲ ಅಕ್ಷರಗಳಲ್ಲಿ ಅದು ಎರಡು ಕಡೆಯೂ ಸಮಾಪ್ತಿ ಚಿಹ್ನೆಯಾಗಿಯೇ ಅಚ್ಚಾಗುತ್ತದೆ. ರೂಪಾಂತರಿತ ಪುಟಗಳಲ್ಲಿ ಉದ್ಧರಣದ ಆದಿಯಲ್ಲಿ ಅಂತ್ಯದ ಚಿಹ್ನೆ ಕಾಣುವುದು ಇದರಿಂದ.

ಎರಡನೆಯ ತೊಡಕು ಪದಸಂಸ್ಕಾರಕದ ಸ್ವಯಂಚಾಲಿತ ತಿದ್ದುಪಡಿಯದು. ಖಾಲಿ ಸ್ಥಳದ ಅನಂತರ ಬಂದ ಒಂಟಿ ಚಿಹ್ನೆಯನ್ನು ಅದು ಆರಂಭ ಚಿಹ್ನೆಯೆಂದೇ ತಿಳಿಯುತ್ತದೆ. ರೋಮನ್ ಲಿಪ್ಯಂತರದಲ್ಲಿ ಪದಗಳನ್ನು ಬಿಡಿಸಿ ಬರೆಯುವುದರಿಂದ ಅವಗ್ರಹವು ಸಾಮಾನ್ಯವಾಗಿ ಖಾಲಿ ಸ್ಥಳದ ಅನಂತರವೇ ಬರುತ್ತದೆ. ಆದುದರಿಂದ ‘ಸೋಽಪಿ’ಯ ಅವಗ್ರಹವು ಉದ್ಧರಣದ ಆದಿಯಾಗಿ ತಿರುಗುತ್ತದೆ. ಮುಂದೆ ಜೋಡಿ ಹುಡುಕುವ ಪರಿವರ್ತಕವು ಅದಕ್ಕೆ ಎಲ್ಲಿಯೋ ಒಂದು ಅಂತ್ಯವನ್ನು ಕಲ್ಪಿಸಿದರೆ, ಅವಗ್ರಹವೂ ಹೋಯಿತು, ಇಲ್ಲದ ಉದ್ಧರಣವೊಂದೂ ಹುಟ್ಟಿತು.

ಮೂರನೆಯದು ವೆಲ್ತುಯಿಸ್ ಲಿಪ್ಯಂತರದ ಕಡತಗಳಿಗೆ ಸಂಬಂಧಿಸಿದುದು. ಟೆಕ್ಕಿನಲ್ಲಿ ದೇವನಾಗರಿಯನ್ನು ಜೋಡಿಸಲು ಫ್ರಾನ್ಸ್ ವೆಲ್ತುಯಿಸರು ರಚಿಸಿದ ಈ ಕ್ರಮದಲ್ಲಿ ನೆಟ್ಟನೆಯ ಜೋಡಿ ಚಿಹ್ನೆಯು ಉದ್ಧರಣವೇ ಅಲ್ಲ. ತಾಲವ್ಯ ಶಕಾರವನ್ನೂ ಕಂಠ್ಯ ಅನುನಾಸಿಕ ಙಕಾರವನ್ನೂ ಸೂಚಿಸಲು ಅದು ರೋಮನ್ ಅಕ್ಷರದ ಮುಂದೆ ಬರುತ್ತದೆ. ಕಡತದ ಎಲ್ಲ ಜೋಡಿ ಚಿಹ್ನೆಗಳನ್ನೂ ಒಮ್ಮೆಗೇ ಬದಲಿಸಿದರೆ ಶಕಾರವೆಲ್ಲ ಸಕಾರವಾಗಿ ಉಳಿಯುತ್ತದೆ. ‘ಶಮ’ ಎಂಬುದು ‘ಸಮ’ವಾದರೆ ಆಗುವ ಅನರ್ಥವನ್ನು ವಿದ್ವಜ್ಜನರಿಗೆ ವಿವರಿಸಬೇಕಾಗಿಲ್ಲ.

ನಾಲ್ಕನೆಯದು ಸಂಕೇತಾವಳಿಗಳ ಭೇದ. ವಿಂಡೋಸಿನ ಹಳೆಯ ಪಾಶ್ಚಾತ್ಯ ಸಂಕೇತಾವಳಿಯಲ್ಲಿ ಬಾಗಿದ ಚಿಹ್ನೆಗಳಿಗೆ ೧೪೫ರಿಂದ ೧೪೮ರವರೆಗಿನ ಸಂಖ್ಯೆಗಳಿವೆ; ಯೂನಿಕೋಡಿನಲ್ಲಿ ಅವುಗಳ ಸ್ಥಾನ ಬೇರೆ. ಕಡತವನ್ನು ತಪ್ಪು ಸಂಕೇತದಲ್ಲಿ ಓದಿದರೆ ಚಿಹ್ನೆಗಳು ಅದೃಶ್ಯವಾಗುತ್ತವೆ, ಇಲ್ಲವೆ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಲೇಟೆಕ್ಕು ೨೦೧೮ರಿಂದ ಯುಟಿಎಫ್-೮ ಕ್ರಮವನ್ನು ಸಹಜವೆಂದು ಸ್ವೀಕರಿಸಿದೆಯಾದರೂ ಹಳೆಯ ಕಡತಗಳನ್ನು ಮೊದಲು ಆ ಕ್ರಮಕ್ಕೆ ತರಬೇಕು. ೨೦೦೪ರಲ್ಲಿ ಹೊರಬಂದ ಜೊನಾಥನ್ ಕ್ಯೂ ಅವರ ಝೀಟೆಕ್ ಕನ್ನಡ ಲಿಪಿಯನ್ನು ನೇರವಾಗಿ ಜೋಡಿಸಬಲ್ಲುದು. ಆದರೆ ಆರಿಸಿದ ಕನ್ನಡ ಅಕ್ಷರಮಾದರಿಗೆ ಟೆಕ್ಕಿನ ಸಂಯುಕ್ತ ನಿಯಮವನ್ನು ಅನ್ವಯಿಸಿರದಿದ್ದರೆ ಹಿಂಬಾಗಿದ ಗುರುತುಗಳು ಇದ್ದಂತೆಯೇ ಅಚ್ಚಾಗುತ್ತವೆ.

ಇವುಗಳ ಪರಿಹಾರಕ್ರಮವನ್ನು ಸಂಕ್ಷೇಪವಾಗಿ ನಿರೂಪಿಸಬಹುದು. ಮೊದಲನೆಯದಾಗಿ, ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಇಟ್ಟು, ಕೆಲಸದ ಪ್ರತಿಯಲ್ಲಿ ಸ್ವಯಂಚಾಲಿತ ತಿದ್ದುಪಡಿಯನ್ನು ನಿಲ್ಲಿಸಬೇಕು. ಎರಡನೆಯದಾಗಿ, ಬೇರೆ ಯಾವ ಬದಲಾವಣೆಗೂ ಮುನ್ನ ಅವಗ್ರಹಗಳನ್ನು ಪ್ರತ್ಯೇಕಿಸಬೇಕು. ಕನ್ನಡ ಲಿಪಿಯಲ್ಲಿ ಇದಕ್ಕೆ ‘ಽ’ ಎಂಬ ಸ್ವತಂತ್ರ ಚಿಹ್ನೆಯಿದ್ದು, ೨೦೦೩ರಲ್ಲಿ ಯೂನಿಕೋಡಿಗೂ ಸೇರಿದೆ. ರೋಮನ್ ಲಿಪ್ಯಂತರದಲ್ಲಿ ಅವಗ್ರಹಕ್ಕೆಂದೇ ಒಂದು ಆದೇಶವನ್ನು ಹೆಸರಿಟ್ಟು ಬಳಸುವುದು ಕ್ಷೇಮ. ಮೂರನೆಯದಾಗಿ, ಉದ್ಧರಣಗಳನ್ನು ಚಿಹ್ನೆಗಳಿಂದ ಬರೆಯದೆ, ಸಿಎಸ್‌ಕ್ವೋಟ್ಸ್ ಎಂಬ ಪರಿಕರದ ಎನ್‌ಕ್ವೋಟ್ ಆದೇಶದೊಳಗೆ ಇಡಬೇಕು. ಆಗ ಆದ್ಯಂತಗಳೂ ಒಳ ಉದ್ಧರಣದ ಒಂಟಿ ಚಿಹ್ನೆಗಳೂ ತಾವಾಗಿಯೇ ಸರಿಹೋಗುತ್ತವೆ. ಕೈಯಿಂದ ಬರೆದಲ್ಲಿ ಒಳ, ಹೊರ ಉದ್ಧರಣಗಳೆರಡೂ ಒಂದೇ ಕಡೆ ಮುಗಿದಾಗ ಮೂರು ಗುರುತುಗಳು ಒಟ್ಟಾಗಿ ಬಂದು, ಟೆಕ್ಕು ಮೊದಲೆರಡನ್ನು ಜೋಡಿಯೆಂದು ಓದಿ ಕ್ರಮವನ್ನು ವ್ಯತ್ಯಾಸಗೊಳಿಸುತ್ತದೆ. ನಡುವೆ ಕಿರಿದಾದ ಅಂತರದ ಆದೇಶವನ್ನು ಕೊಡಬೇಕಾಗುತ್ತದೆ.

ಕೊನೆಯದಾಗಿ, ಆರಂಭ ಸಮಾಪ್ತಿಗಳ ಸಂಖ್ಯೆ ಸಮವಾಯಿತೆಂದು ತೃಪ್ತರಾಗಬಾರದು. ಒಂದು ಪುಟದಲ್ಲಿ ಕಳೆದುಹೋದುದು ಮತ್ತೊಂದು ಪುಟದಲ್ಲಿ ಹೆಚ್ಚಾಗಿ ಬಂದಿದ್ದರೂ ಲೆಕ್ಕವು ಸರಿಯಾಗಿಯೇ ಕಾಣುತ್ತದೆ. ಪ್ರತಿಯೊಂದು ‘ಉಕ್ತಂ ಚ’, ‘ಇತಿ’, ‘ಇತಿ ಚೇತ್’ಗಳ ಬಳಿ ನಿಂತು, ಕರಡನ್ನು ಓಲೆಯ ಪಾಠದೊಡನೆ ಹೋಲಿಸಬೇಕು. ಪ್ರಮೇಯಕಮಲಮಾರ್ತಂಡದಂತಹ ತರ್ಕಗ್ರಂಥದಲ್ಲಿ ಸಮಾಪ್ತಿ ಚಿಹ್ನೆಯು ಒಂದು ವಾಕ್ಯದಷ್ಟು ಕೆಳಗೆ ಜಾರಿದರೆ ಪ್ರಭಾಚಂದ್ರರ ಉತ್ತರವು ಪ್ರತಿವಾದಿಯ ಬಾಯಿಗೆ ಸೇರುತ್ತದೆ. ಅಂತಹ ಸ್ಥಳವನ್ನು ಯಂತ್ರವು ದೋಷವೆಂದು ಎತ್ತಿ ತೋರಿಸುವುದಿಲ್ಲ. ಶಾಸ್ತ್ರವನ್ನು ಬಲ್ಲವರು ಕರಡನ್ನು ಆದ್ಯಂತವಾಗಿ ಓದಿ ಒಪ್ಪಿಗೆಯಿತ್ತ ಮೇಲೆಯೇ ಗ್ರಂಥವನ್ನು ಮುದ್ರಣಕ್ಕೆ ಕಳುಹಿಸುವುದು ಯುಕ್ತ.