ಮಹಾವೀರಾಚಾರ್ಯರ ವಿಕಲ್ಪ ಗಣಿತ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಆರು ರಸಗಳನ್ನು ಬೆರೆಸಿದರೆ ಎಷ್ಟು ಬಗೆಗಳಾದಾವು ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಮೂರು ಮೂರನ್ನು ಆರಿಸುವುದಾದರೆ 6, 5, 4ರ ಗುಣಲಬ್ಧವನ್ನು 1, 2, 3ರ ಗುಣಲಬ್ಧದಿಂದ ಭಾಗಿಸಬೇಕು, 20 ಬರುತ್ತದೆ. ಒಂದರಿಂದ ಆರರವರೆಗೆ ಹೀಗೆಯೇ ಎಣಿಸಿ ಕೂಡಿದರೆ ಒಟ್ಟು 63.

ಈ 63 ಆಚಾರ್ಯರದೇ ಶೋಧವೆಂದರೆ ಸತ್ಯಕ್ಕೆ ಅಪಚಾರವಾದೀತು. ವೈದ್ಯಗ್ರಂಥವಾದ ಸುಶ್ರುತಸಂಹಿತೆ ಅದನ್ನು ಮೊದಲೇ ಒಂದೊಂದಾಗಿ ಎಣಿಸಿತ್ತು. ಆಚಾರ್ಯರ ಹಿರಿಮೆ ಬೇರೆ: ರಸವಿರಲಿ, ಹಾರದ ರತ್ನವಿರಲಿ, ಎಷ್ಟೇ ವಸ್ತುಗಳಿಗೂ ಸಲ್ಲುವ ಸಾಮಾನ್ಯ ಸೂತ್ರವನ್ನು ಅವರು ಕೊಟ್ಟರು. ಯೂರೋಪಿನಲ್ಲಿ ಹೆರಿಗೋನ್ ಅದನ್ನು ಪ್ರಕಟಿಸಿದ್ದು 1634ರಲ್ಲಿ. ಆಚಾರ್ಯರ ಗ್ರಂಥವಾದರೋ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾದುದು 1912ರಲ್ಲಿ.