ಉಪವಾಕ್ಯ ನಡೆದು ಬಂದ ದಾರಿ: ಇಂಗ್ಲಿಷ್ ವಾಕ್ಯ ವಿಶ್ಲೇಷಣೆಯ ಚರಿತ್ರೆ

ಸಾಮಾನ್ಯ, ಸಂಯೋಜಿತ, ಮಿಶ್ರ. ವಾಕ್ಯದ ಈ ಮೂರು ವಿಧಗಳನ್ನು ನಮ್ಮಲ್ಲಿ ಹೈಸ್ಕೂಲು ಓದಿದವರು ಎರಡು ಸಲ ಕಲಿಯುತ್ತಾರೆ, ಇಂಗ್ಲಿಷ್ ತರಗತಿಯಲ್ಲೊಮ್ಮೆ, ಕನ್ನಡ ತರಗತಿಯಲ್ಲೊಮ್ಮೆ. ಎರಡೂ ಕಡೆ ಕೇಳಿದ ಮೇಲೆ ಇದು ವ್ಯಾಕರಣದಷ್ಟೇ ಹಳೆಯ ವಿಭಾಗ ಎಂಬ ಭಾವನೆ ಉಳಿಯುತ್ತದೆ. ಅದು ಸರಿಯಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ವಾಕ್ಯಕ್ಕೆಂದೇ ಮೀಸಲಾದ ಪ್ರಕರಣ ಒಂದೂ ಇಲ್ಲ. ಇಂಗ್ಲಿಷಿನಲ್ಲೂ ಶಾಲೆಯ ವ್ಯಾಕರಣದೊಳಗೆ ಮಿಶ್ರವಾಕ್ಯಕ್ಕೆ ಸ್ವಂತ ಸ್ಥಾನ ಸಿಕ್ಕಿದ್ದು 19ನೇ ಶತಮಾನದಲ್ಲಿ.

ವಾಕ್ಯವನ್ನು ತುಂಡರಿಸಿ ನೋಡುವ ಕೆಲಸವನ್ನು ಯುರೋಪಿನಲ್ಲಿ ಬಹುಕಾಲ ಮಾಡಿದವರು ವಾಗ್ಮಿಗಳು. ಗ್ರೀಕರ ಭಾಷಣಶಾಸ್ತ್ರದಲ್ಲಿ ದೀರ್ಘ ವಾಕ್ಯಕ್ಕೆ ‘ಪೀರಿಯಡ್’ ಎಂದು ಹೆಸರು, ಎಂದರೆ ಒಂದು ಸುತ್ತು. ಅದರ ಅಂಗ ‘ಕೋಲನ್’, ಅದಕ್ಕಿಂತ ಚಿಕ್ಕ ಚೂರು ‘ಕಾಮಾ’. ಇಂದು ವಿರಾಮಚಿಹ್ನೆಗಳಿಗೆ ಅಂಟಿಕೊಂಡಿರುವ ಈ ಹೆಸರುಗಳು ಮೊದಲು ವಾಕ್ಯದ ಭಾಗಗಳ ಹೆಸರುಗಳಾಗಿದ್ದವು. ಉಪವಾಕ್ಯಕ್ಕೆ ಇಂಗ್ಲಿಷಿನಲ್ಲಿರುವ ‘ಕ್ಲಾಸ್’ ಎಂಬ ಪದದ ಬೇರು ಲ್ಯಾಟಿನ್ನಿನ ‘ಮುಚ್ಚು’ ಎಂಬರ್ಥದ ಧಾತುವಿನಲ್ಲಿದೆ. ಭಾಷಣಕಾರ ಮಾತಿನ ಸುತ್ತನ್ನು ಲಯಬದ್ಧವಾಗಿ ಮುಗಿಸುವ ಜಾಗಕ್ಕೆ ರೋಮನ್ನರು ‘ಕ್ಲಾಸುಲಾ’ ಎನ್ನುತ್ತಿದ್ದರು. ಕರ್ತೃ, ಆಖ್ಯಾತ ಎಂಬ ಜೋಡಿ ಮಾತ್ರ ಬೇರೆ ಮನೆಯಿಂದ, ಅರಿಸ್ಟಾಟಲನ ತರ್ಕಶಾಸ್ತ್ರದಿಂದ ಬಂತು.

ಇಂಗ್ಲಿಷಿನ ಮೊದಲ ಅಚ್ಚಾದ ವ್ಯಾಕರಣ ವಿಲಿಯಂ ಬುಲ್ಲೋಕರನದು, 1586ರದು. ಲಿಲಿಯ ಲ್ಯಾಟಿನ್ ವ್ಯಾಕರಣವೇ ಅದಕ್ಕೆ ಮಾದರಿ. ಲ್ಯಾಟಿನ್ನಿನಲ್ಲಿ ಪದದ ಕೊನೆಯ ಪ್ರತ್ಯಯವೇ ವಾಕ್ಯದಲ್ಲಿ ಅದರ ಕೆಲಸವನ್ನು ಹೇಳಿಬಿಡುವುದರಿಂದ ಒಂದೊಂದೇ ಪದವನ್ನು ಹಿಡಿದು ವಿವರಿಸಿದರೆ ಸಾಕಾಗುತ್ತಿತ್ತು. ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಇಂಗ್ಲಿಷಿಗೆ ಆ ಅಂಗಿ ಹೊಂದುವಂತಿರಲಿಲ್ಲ, ಆದರೂ ಅದನ್ನೇ ತೊಡಿಸಿದರು. 1762ರಲ್ಲಿ ರಾಬರ್ಟ್ ಲೌತ್, ಒಂದು ಕರ್ತೃ ಮತ್ತು ಒಂದು ಪೂರ್ಣ ಕ್ರಿಯಾಪದ ಇರುವುದೇ ಸಾಮಾನ್ಯ ವಾಕ್ಯ ಎಂದು ಸ್ಪಷ್ಟಪಡಿಸಿದ. ಯಾರ್ಕ್ ಊರಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ 1795ರಲ್ಲಿ ವ್ಯಾಕರಣ ಬರೆದ ಲಿಂಡ್ಲೆ ಮರ್ರೆ, ವಾಕ್ಯದಲ್ಲಿ ಎರಡೇ ವಿಧ ಎಂದ: ಸಾಮಾನ್ಯ ಮತ್ತು ಸಂಯೋಜಿತ. ‘ಮಳೆ ಬಂತು, ಕೆರೆ ತುಂಬಿತು’ ಎನ್ನುವ ಸಮಬಲದ ಜೋಡಣೆಯೂ, ಒಂದು ಇನ್ನೊಂದಕ್ಕೆ ಅಧೀನವಾಗಿರುವ ಜೋಡಣೆಯೂ ಅವನ ಲೆಕ್ಕದಲ್ಲಿ ಒಂದೇ ಗುಂಪು.

ಈ ಗುಂಪನ್ನು ಒಡೆದ ಚಿಂತನೆ ಜರ್ಮನಿಯಿಂದ ಬಂತು. ಕಾರ್ಲ್ ಫರ್ಡಿನಾಂಡ್ ಬೆಕರ್ ಎಂಬಾತ ಆಫೆನ್‌ಬಾಖ್ ಊರಿನ ವೈದ್ಯ. 1827ರ ತನ್ನ ಗ್ರಂಥದಲ್ಲಿ ಅವನು ಭಾಷೆಯನ್ನು ಜೀವಂತ ದೇಹದಂತೆ ಕಂಡ. ದೇಹವನ್ನು ಬಲ್ಲವನಿಗೆ ಸಹಜವಾದ ನೋಟ ಅದು. ವಾಕ್ಯದೊಳಗೆ ಒಂದು ನಾಮಪದ ಮಾಡುವ ಕೆಲಸವನ್ನು ಇಡೀ ಉಪವಾಕ್ಯವೇ ಮಾಡಬಲ್ಲದು, ವಿಶೇಷಣದ ಕೆಲಸವನ್ನೂ ಕ್ರಿಯಾವಿಶೇಷಣದ ಕೆಲಸವನ್ನೂ ಹಾಗೆಯೇ ಮಾಡಬಲ್ಲದು ಎಂಬುದು ಅವನ ಮುಖ್ಯ ಕಾಣ್ಕೆ. ಇಂದಿಗೂ ಮಕ್ಕಳು ಬಾಯಿಪಾಠ ಮಾಡುವ ನೌನ್ ಕ್ಲಾಸ್, ಅಡ್ಜೆಕ್ಟಿವ್ ಕ್ಲಾಸ್, ಅಡ್ವರ್ಬ್ ಕ್ಲಾಸ್‌ಗಳ ಮೂಲ ಇಲ್ಲಿದೆ. ಇಂಗ್ಲಿಷ್ ವಾಕ್ಯವಿಚಾರಕ್ಕೆ ಲೌತ್ ಕೊಟ್ಟದ್ದಕ್ಕಿಂತ ಬೆಕರ್ ಕೊಟ್ಟದ್ದೇ ದೊಡ್ಡದು ಎಂದು ನಾನು ತಿಳಿದಿದ್ದೇನೆ. ಆದರೂ ಶಾಲಾ ಪುಸ್ತಕಗಳಲ್ಲಿ ಅವನ ಹೆಸರೇ ಕಾಣುವುದಿಲ್ಲ.

ಬೆಕರನ ವಿಚಾರವನ್ನು ಇಂಗ್ಲೆಂಡಿನ ಶಾಲೆಗೆ ಇಳಿಸಿದವನು ಜೆ.ಡಿ. ಮೊರೆಲ್, ಜರ್ಮನಿಯಲ್ಲಿ ಓದಿ ಬಂದು ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವನು. ಅವನ ‘ಅನಾಲಿಸಿಸ್ ಆಫ್ ಸೆಂಟೆನ್ಸಸ್’ 1852ರದು. ವಾಕ್ಯವನ್ನು ಕರ್ತೃ, ಆಖ್ಯಾತ, ಕರ್ಮ, ವಿಸ್ತರಣೆ ಎಂದು ಬಿಡಿಸುವ ಈ ಪದ್ಧತಿ ಪರೀಕ್ಷೆಗೂ ಹೇಳಿ ಮಾಡಿಸಿದಂತಿತ್ತು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಚಿತ್ರಗಳು ಬಂದವು. 1877ರ ರೀಡ್ ಮತ್ತು ಕೆಲಾಗ್ ಪುಸ್ತಕದ ಗೆರೆಚಿತ್ರಗಳು ಪ್ರಸಿದ್ಧವಾದವು.

ಭಾರತಕ್ಕೆ ಈ ವಾಕ್ಯ ವಿಶ್ಲೇಷಣೆಯನ್ನು ತಂದವರಲ್ಲಿ ಮುಖ್ಯನಾದವನು ವಾಯವ್ಯ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದ ಜೆ.ಸಿ. ನೆಸ್‌ಫೀಲ್ಡ್. ಅವನ ಪುಸ್ತಕಗಳೂ, ಅನಂತರ 1930ರ ದಶಕದ ರೆನ್ ಮತ್ತು ಮಾರ್ಟಿನರ ವ್ಯಾಕರಣವೂ ನಮ್ಮ ತಾತಂದಿರ ಕೈಯಿಂದ ನಮ್ಮ ಕೈಗೆ ಬಂದವು. ಪೂರ್ಣ ಕ್ರಿಯಾಪದವಿದ್ದರೆ ಕ್ಲಾಸ್, ಇಲ್ಲದಿದ್ದರೆ ಫ್ರೇಸ್ ಎಂಬ ಸೂತ್ರ ಅವುಗಳಿಂದಲೇ ನಮ್ಮಲ್ಲಿ ಬೇರೂರಿತು.

ಕನ್ನಡಿಗರಿಗೆ ತೊಡಕಾದದ್ದು ಈ ಸೂತ್ರವೇ. ‘ನಾನು ಓದಿದ ಪುಸ್ತಕ ಕಳೆದುಹೋಯಿತು’ ಎಂಬ ವಾಕ್ಯ ನೋಡಿ. ‘ಓದಿದ’ ಎಂಬುದಕ್ಕೆ ‘ನಾನು’ ಎಂಬ ಸ್ವಂತ ಕರ್ತೃವಿದೆ. ಓದಿದ, ಓದುವ ಎಂಬ ಕಾಲಭೇದವಿದೆ, ಓದದ ಎಂಬ ನಿಷೇಧವಿದೆ. ಇಲ್ಲದಿರುವುದು ಪುರುಷ, ಲಿಂಗ, ವಚನಗಳ ಪ್ರತ್ಯಯ ಮಾತ್ರ: ನಾನು ಓದಿದ, ನೀನು ಓದಿದ, ಅವಳು ಓದಿದ. ಉಪವಾಕ್ಯದ ಕೆಲಸವನ್ನೆಲ್ಲ ಮಾಡುವ ಈ ಕೃದಂತ ನೆಸ್‌ಫೀಲ್ಡನ ತಕ್ಕಡಿಯಲ್ಲಿ ಬರೀ ಪದಪುಂಜ. ‘ಮಳೆ ಬಂದರೆ ಬಿತ್ತುತ್ತೇವೆ’ ಎಂಬುದರಲ್ಲೂ ಪೂರ್ಣ ಕ್ರಿಯಾಪದ ಒಂದೇ. ಸೂತ್ರ ಹಿಡಿದರೆ ಇದು ಸಾಮಾನ್ಯ ವಾಕ್ಯ, ಅರ್ಥ ಹಿಡಿದರೆ ಮಿಶ್ರವಾಕ್ಯ. ‘ಎಂದು’ ಬರುವಂಥ ಕೆಲವು ವಾಕ್ಯಗಳನ್ನು ಬಿಟ್ಟರೆ ಕನ್ನಡದ ಅಧೀನ ವಾಕ್ಯಗಳಲ್ಲಿ ಹೆಚ್ಚಿನವು ಇಂಥವೇ. ಸಂಸ್ಕೃತದಲ್ಲಿ ಕಾತ್ಯಾಯನನೂ ಒಂದು ತಿಙಂತ, ಎಂದರೆ ಪೂರ್ಣ ಕ್ರಿಯಾಪದ, ಇದ್ದರೆ ಒಂದು ವಾಕ್ಯ ಎಂದಿದ್ದ. ಎರಡು ದಿಕ್ಕಿನಿಂದ ಬಂದ ಒಂದೇ ಅಳತೆಗೋಲಿನ ನಡುವೆ ಕನ್ನಡದ ವಾಕ್ಯರಚನೆ ತನ್ನ ಅಳತೆಯನ್ನು ಕಾಣಲು ತಡವಾಯಿತು.

ಇಂಗ್ಲಿಷ್ ವ್ಯಾಕರಣಕಾರರು ಆ ಕೋಲನ್ನು ಆಮೇಲೆ ತಾವೇ ಸಡಿಲಿಸಿದರು. ಪೂರ್ಣ ಕ್ರಿಯಾಪದವಿಲ್ಲದೆಯೂ ಕರ್ತೃ ಮತ್ತು ಆಖ್ಯಾತಗಳ ಸಂಬಂಧ ಇರಬಲ್ಲದು ಎಂದು ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ 1924ರ ಗ್ರಂಥದಲ್ಲಿ ವಿವರಿಸಿದ. ಆ ಸಂಬಂಧಕ್ಕೆ ಅವನಿಟ್ಟ ಹೆಸರು ‘ನೆಕ್ಸಸ್’. ರ್‍ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1972 ಮತ್ತು 1985ರ ಬೃಹತ್ ವ್ಯಾಕರಣಗಳು ಅಪೂರ್ಣ ಕ್ರಿಯೆಯ ಉಪವಾಕ್ಯ, ಕ್ರಿಯೆಯೇ ಇಲ್ಲದ ಉಪವಾಕ್ಯ ಎರಡನ್ನೂ ಒಪ್ಪಿಕೊಂಡವು. ಈ ಹೊಸ ಅಳತೆಯಲ್ಲಿ ‘ನಾನು ಓದಿದ’ ಎಂಬುದು ನಿಸ್ಸಂದೇಹವಾಗಿ ಉಪವಾಕ್ಯ.

ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಕರಿಹಲಗೆಯ ಮೇಲೆ ಸೂತ್ರ ಬರೆಯುವ ಮೊದಲು ‘ನಾನು ಓದಿದ ಪುಸ್ತಕ’ ಎಂದು ಬರೆಯಿರಿ, ಅದರ ಕೆಳಗೆ ‘ದ ಬುಕ್ ದಟ್ ಐ ರೆಡ್’ ಎಂದು ಬರೆಯಿರಿ. ಹಿಂದಿದ್ದದ್ದು ಮುಂದೆ ಹೋಗಿದೆ, ‘ದಟ್’ ಎಂಬ ಕೊಂಡಿ ಹೊಸದಾಗಿ ಬಂದಿದೆ, ಕೃದಂತವಿದ್ದ ಜಾಗದಲ್ಲಿ ಪೂರ್ಣ ಕ್ರಿಯಾಪದ ನಿಂತಿದೆ. ಈ ಮೂರನ್ನೂ ಮಕ್ಕಳೇ ಕಂಡುಹಿಡಿಯಲಿ. ಕ್ಲಾಸ್ ಎಂಬ ಹೆಸರನ್ನು ಆಮೇಲೆ ಹೇಳಿ.